ಎಪ್ಪತ್ತೆಂಟು ಸುತ್ತು

"ನಿಮ್ಮ ಮಷೀನು ಜೋರು ಓಡ್ತಾ ಅದೆ. ಸ್ವಲ್ಪ ಹಿಡೀರಿ ಅದನ್ನ."

ಪರಮಶಿವಪ್ಪ ನನ್ನ ಜೊತೆ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಚಮತ್ಕಾರ ಇಲ್ಲ. ಸೊರಬದ ಬಸ್ಸಿಳಿದು, ಧೂಳು ಮೆತ್ತಿದ ಬಿಳಿ ಅಂಗಿಯಲ್ಲಿ ನೆಟ್ಟಗೆ ನಮ್ಮ ಅಂಗಡಿ ಮೆಟ್ಟಿಲು ಹತ್ತಿದರು. ಬಂದದ್ದು ಗ್ರಾಮಫೋನ್ ಮುಳ್ಳು ಕೊಳ್ಳೋಕೆ. ಅಂಗಡಿಯಲ್ಲಿ ತಿರುಗುತ್ತಿದ್ದ ಹಾಡಿನ ಪ್ಲೇಟು ಕೇಳಿ ಬಾಯಿಂದ ಬಂದದ್ದು ಈ ಮಾತು.

ಅದು ಐವತ್ತೆಂಟನೇ ಇಸವಿ. ಶಿಕಾರಿಪುರದ ಪೇಟೆ ಬೀದಿಯಲ್ಲಿ ನಮ್ಮಪ್ಪ ನಾಗರಾಜಪ್ಪನವರದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ನಾಟಕ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ನಮ್ಮದೇ ಮೈಕು. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಮೈಕ್ ಕಟ್ಟೋಕೆ ಊರೂರು ತಿರುಗುವಾಗ ಗ್ರಾಮಫೋನ್ ರಿಪೇರಿಗೆ ಕೂರುವವಳು ಅವರ ಒಬ್ಬಳೇ ಮಗಳು ನಿರ್ಮಲ, ಅಂದರೆ ನಾನು. ಉಗುರಿನ ಸಂದಿಯಲ್ಲಿ ಗ್ರೀಸ್ ಇರುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ಅವ್ವ ದಿನಕ್ಕೊಂದು ಸಲ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ನಮ್ಮ ಅಂಗಡಿಗೆ ಒಂದು ನೇಮ ಇತ್ತು. ಪ್ಲೇಟು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು. ಪ್ಲೇಟಿನ ಅಡಿಗೆ ಒಂದು ಕಾಗದದ ಚೀಟಿ ಸಿಕ್ಕಿಸಿ, ಗಡಿಯಾರ ನೋಡಿಕೊಂಡು, ಚೀಟಿ ಎಷ್ಟು ಸಲ ಕಣ್ಣ ಮುಂದೆ ಬಂತು ಅಂತ ಎಣಿಸೋದು. ಹಾಗೆ ಎಣಿಸದೆ ಯಾವ ಮಷೀನೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಅಂಥ ಅಂಗಡಿಗೆ ಬಂದು ಮಷೀನು ಜೋರು ಓಡುತ್ತದೆ ಅಂದರೆ ನನಗೆ ಮೈಯೆಲ್ಲ ಉರಿಯಿತು.

ಅವರ ಎದುರಿಗೇ ಚೀಟಿ ಸಿಕ್ಕಿಸಿದೆ. ಅವರೂ ಬಗ್ಗಿ ನಿಂತು ಎಣಿಸಿದರು. ಸರಿಯಾಗಿ ಎಪ್ಪತ್ತೆಂಟು. ಈಗ ತಪ್ಪಾಯ್ತು ಅನ್ನುತ್ತಾರೆ ಅಂದುಕೊಂಡೆ. ಆ ಮನುಷ್ಯ ಗೋಡೆಯ ಗಡಿಯಾರ ನೋಡಿ, ತಣ್ಣಗೆ, "ಹಾಗಾದ್ರೆ ನಿಮ್ಮ ಗಡಿಯಾರಾನೂ ಜೋರು ಓಡ್ತಾ ಅದೆ" ಅಂದರು. ಆರು ವರ್ಷದಿಂದ ದಿನಾ ಗ್ರಾಮಫೋನ್ ಕೇಳುವವರಂತೆ. ಅವರ ಕಿವಿ ತಪ್ಪುವುದೇ ಇಲ್ಲವಂತೆ.

ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಎಪ್ಪತ್ತೆಂಟು ಸುತ್ತು ಓಟ ಅನ್ನಿಸುವವರ ಮನೆ ಮಷೀನು ತೆವಳುತ್ತಾ ಇರಬೇಕು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ಧಿಮಾಕಿನವನು ಜೀವ ಇರೋ ತನಕ ತೆವಳುವ ಹಾಡೇ ಕೇಳಲಿ ಅಂತ ಮುಳ್ಳಿನ ಡಬ್ಬಿ ಕೊಟ್ಟು ಕಳಿಸಿದೆ.

ಮುಂದಿನ ಭಾನುವಾರ ಮತ್ತೆ ಬಂದರು. ಮತ್ತೊಂದು ಡಬ್ಬಿ ಬೇಕಂತೆ. ಅದರ ಮುಂದಿನ ಭಾನುವಾರವೂ ಬಂದರು. ಒಂದು ಡಬ್ಬಿಯಲ್ಲಿ ಇನ್ನೂರು ಮುಳ್ಳು. ಹಗಲೂ ರಾತ್ರಿ ಪ್ಲೇಟು ಹಾಕಿದರೂ ವಾರಕ್ಕೆ ಅಷ್ಟು ಮುಗಿಯಲ್ಲ. ನಾಲ್ಕನೇ ವಾರ ನಾನು ತಡೆಯಲಾರದೆ, "ಸೊರಬದಾಗೆ ಮುಳ್ಳು ಬಿತ್ತಿ ಬೆಳೀತೀರೇನ್ರಿ?" ಅಂದೆ. ಅವರ ಕಿವಿಯ ತುದಿ ಕೆಂಪಾಯಿತು. ಡಬ್ಬಿಯನ್ನು ಜೇಬಿಗೆ ಹಾಕಿ, ಅದನ್ನೇ ಮತ್ತೆ ತೆಗೆದು ನೋಡಿ, ಮತ್ತೆ ಹಾಕಿಕೊಂಡರು. ನನಗೆ ನಗು ತಡೆಯೋಕಾಗದೆ ಒಳಗೆ ಹೋಗಿ ನೀರು ಕುಡಿದು ಬಂದೆ.

ಸೊರಬದ ತಾಲ್ಲೂಕು ಕಚೇರಿಯಲ್ಲಿ ಅವರು ಟೈಪಿಸ್ಟು. ಸೋದರಮಾವ ಪುಟ್ಟಪ್ಪನವರು ಬೆಂಗಳೂರು ದಂಡಿನ ಒಂದು ಕ್ಲಬ್ಬಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಇಂಗ್ಲಿಷ್ ದೊರೆಗಳು ಗಂಟುಮೂಟೆ ಕಟ್ಟುವಾಗ ಅವರಿಗೆ ಒಂದು ಗ್ರಾಮಫೋನು, ಮೂವತ್ತೊಂದು ಪ್ಲೇಟು ಬಿಟ್ಟುಹೋದರಂತೆ. ಎಲ್ಲ ಜಾಝ್. ಹಾಗಂದರೇನು ಅಂತ ಕೇಳಿದ್ದೇ ತಪ್ಪಾಯಿತು. ಅಮೆರಿಕದ ಕಪ್ಪು ಜನ ಕಷ್ಟದಲ್ಲಿ ಕಟ್ಟಿದ ಸಂಗೀತ ಅಂತ ಶುರು ಮಾಡಿದವರು ಸಂಜೆ ಬಸ್ಸಿನ ತನಕ ನಿಲ್ಲಿಸಲಿಲ್ಲ.

ಆಮೇಲೆ ಪ್ರತಿ ಭಾನುವಾರವೂ ಅದೇ. ಒಬ್ಬೊಬ್ಬ ವಾದಕನ ಮೇಲೂ ಅವರದೊಂದು ತೀರ್ಪು ಇತ್ತು. ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿ ಊದುವುದು ಮಣ್ಣು ಮಾಡಿ ಮನೆಗೆ ಬಂದವರ ಹಾಗಂತೆ, ಅಂಥ ದುಃಖಿ ಇನ್ನೊಬ್ಬನಿಲ್ಲವಂತೆ. ಡ್ಯೂಕ್ ಎಲಿಂಗ್ಟನ್ನನ ಬ್ಯಾಂಡು ಕೆರೆಗೆ ಇಳಿದ ಎಮ್ಮೆ ಹಿಂಡು, ಯಾವುದಕ್ಕೂ ಅವಸರವಿಲ್ಲ. ಬೆನ್ನಿ ಗುಡ್‌ಮನ್ ಊಟ ಆದ ಮೇಲೆ ಕೇಳಬೇಕು, ತೂಕಡಿಕೆ ಚೆನ್ನಾಗಿ ಬರುತ್ತದೆ. ಕೌಂಟ್ ಬೇಸಿ ಮಹಾ ಜಿಪುಣ, ಪಿಯಾನೋದ ಒಂದೊಂದು ಸ್ವರವನ್ನೂ ಮನಸ್ಸಿಲ್ಲದೆ ಬಿಡುತ್ತಾನೆ. ಹೇಳುವಾಗ ಅವರ ಹತ್ತೂ ಬೆರಳು ನಮ್ಮ ಗಲ್ಲಾಪೆಟ್ಟಿಗೆ ಮೇಲೆ ಟೈಪ್ ಮಾಡುತ್ತಿದ್ದವು. ಕಣ್ಣು ಬೀದಿಯ ಮೇಲೆ. ಹೇಳಿ ಮುಗಿದಾಗ ಮಾತ್ರ ಒಂದೇ ಒಂದು ಸಲ ನನ್ನ ಕಡೆ ನೋಡುತ್ತಿದ್ದರು, ಇವಳು ಇನ್ನೂ ಇದ್ದಾಳೋ ಎದ್ದು ಹೋದಳೋ ಅನ್ನೋ ಹಾಗೆ. ಆ ಒಂದು ನೋಟಕ್ಕೆ ನಾನು ವಾರವೆಲ್ಲ ಕಾಯತೊಡಗಿದೆ.

ಪ್ಲೇಟನ್ನು ಮಾತ್ರ ಎಂದೂ ತರಲಿಲ್ಲ. ಬಸ್ಸಿನಲ್ಲಿ ಒಡೆದರೆ ಅಂತ ಹೆದರಿಕೆ. ಹಾಗಾಗಿ ನಾನು ಜಾಝ್ ಕೇಳಿದ್ದು ಕಿವಿಯಿಂದಲ್ಲ, ಅವರ ಬಾಯಿಂದ.

ಎಲ್ಲರಿಗಿಂತ ಮೇಲೆ ಅವರಿಗೆ ಬಿಲ್ಲಿ ಹಾಲಿಡೇ. 'ಬಿಲ್ಲಿ ಅಣ್ಣ' ಅನ್ನುತ್ತಿದ್ದರು, ಸ್ವಂತ ಅಣ್ಣನ ಹಾಗೆ. ಆ ಹೆಸರು ಬಂದಾಗ ಬೆರಳಿನ ಟೈಪಿಂಗ್ ನಿಂತುಬಿಡುತ್ತಿತ್ತು. ಯಾಕೆ ಅಂತ ಒಂದು ದಿನ ಕೇಳಿದೆ.

ಅವರ ಅಪ್ಪ ತೀರಿದಾಗ ಇವರಿಗೆ ಇಪ್ಪತ್ತು ವರ್ಷ. ಗಂಡಸು ಅಳಬಾರದು, ತಾಯಿಗೆ ಧೈರ್ಯ ಹೇಳಬೇಕು ಅಂತ ದೊಡ್ಡವರೆಲ್ಲ ಬೆನ್ನು ತಟ್ಟಿದರಂತೆ. ಅಳಲಿಲ್ಲ. ಎರಡು ತಿಂಗಳು ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದು ಮಧ್ಯಾಹ್ನ ಮಾವನ ಪೆಟ್ಟಿಗೆಯಿಂದ ಯಾವುದೋ ಪ್ಲೇಟು ತೆಗೆದು ಹಾಕಿದರು. ಬಿಲ್ಲಿ.

"ಇಂಗ್ಲಿಷು ಅರ್ಧ ತಿಳೀಲಿಲ್ಲ. ಆದ್ರೆ ಒಬ್ಬ ಗಂಡಸು ಇಷ್ಟು ಬಿಚ್ಚಿ ನೋವು ಹೇಳ್ಕೋಬಹುದು ಅಂದ್ರೆ ನಾನೂ ಅಳಬಹುದು ಅನ್ನಿಸ್ತು. ಮಷೀನಿನ ಮುಂದೆ ಕೂತು ಅತ್ತೆ" ಅಂದರು.

ಆವತ್ತು ನನಗೆ ಈ ಮನುಷ್ಯ ಬೇಕು ಅನ್ನಿಸಿಬಿಟ್ಟಿತು. ಸುತ್ತಿ ಬಳಸಿ ಹೇಳೋದೇನು, ನನಗೆ ಪ್ರೀತಿ ಹುಟ್ಟಿತು. ಮಷೀನಿನ ವಿಷಯ ಈಗಲಾದರೂ ಹೇಳಬೇಕಿತ್ತು. ಮೊದಲು ಸಿಟ್ಟಿಗೆ ಹೇಳದವಳು ಈಗ ಹೆದರಿಕೆಗೆ ಹೇಳಲಿಲ್ಲ. ಮಷೀನು ಸರಿಯಾದರೆ ಅವರ ತೀರ್ಪುಗಳ ಗತಿ ಏನು? ಅವರು ಬರುತ್ತಿದ್ದದ್ದೇ ಆ ತೀರ್ಪು ಹೇಳೋಕೆ. ಬಾಯಿಬಡುಕಿ ಅಂತ ಊರೆಲ್ಲ ಹೆಸರು ಮಾಡಿದವಳು ನಾಲ್ಕು ತಿಂಗಳು ತುಟಿ ಬಿಚ್ಚಲಿಲ್ಲ.

ಆಷಾಢ ಕಳೆದ ಮೇಲೆ ಪುಟ್ಟಪ್ಪನವರು ಹೆಣ್ಣು ಕೇಳಿಕೊಂಡು ಬಂದರು. ನಮ್ಮ ಜನವೇ, ಒಳ್ಳೆ ಮನೆತನ. ಅವ್ವನಿಗೆ ನೆಲ ಕಾಣಲಿಲ್ಲ. ಅದಕ್ಕೂ ಮೊದಲು ಹೊನ್ನಾಳಿಯ ಒಂದು ಸಂಬಂಧ ನನ್ನ ಬಾಯಿಂದಲೇ ಮುರಿದಿತ್ತು. ಹುಡುಗ ಇಂಟರ್ ಪಾಸು ಅಂದಿದ್ದರು, ಯಾವ ವರ್ಷ ಅಂತ ನಾನು ಕೇಳಿದ್ದೆ, ಅವನು ಮಾವನ ಮುಖ ನೋಡಿದ್ದ. ಹಾಗಾಗಿ ಅವ್ವ ನನ್ನ ಕೈ ಹಿಡಿದು, ಈ ಸಲ ಬಾಯಿಗೆ ಬೀಗ ಹಾಕು, ಇದೂ ಮುರಿದರೆ ನಾನು ಯಾರಿಗೂ ಮುಖ ತೋರಿಸೋ ಹಾಗಿಲ್ಲ ಅಂತ ಆಣೆ ಹಾಕಿಸಿಕೊಂಡಳು.

ಹೆಣ್ಣು ನೋಡಿದ್ದು ಆದ ಮೇಲೆ ನಮ್ಮವರು ಸೊರಬಕ್ಕೆ ಮನೆ ನೋಡೋಕೆ ಹೋಗಬೇಕು. ಅದಕ್ಕೆ ಹುಡುಗಿ ಹೋಗುವ ಪದ್ಧತಿ ಇಲ್ಲ. ಆದರೆ ಪುಟ್ಟಪ್ಪನವರು, ನಮ್ಮ ಗ್ರಾಮಫೋನು ಕಟಕಟ ಅಂತದೆ, ಬರುವಾಗ ನಿಮ್ಮ ಮೆಕ್ಯಾನಿಕ್ಕನ್ನೂ ಕರಕೊಂಡು ಬನ್ನಿ ಅಂದುಬಿಟ್ಟರು. ಅಪ್ಪ, ನಮ್ಮ ಮೆಕ್ಯಾನಿಕ್ಕೇ ಹುಡುಗಿ ಕಣ್ರಿ ಅಂದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವ್ವನಿಗೆ ಮಾತ್ರ ನಗು ಬರಲಿಲ್ಲ. ಹೀಗೆ ರೇಷ್ಮೆ ಸೀರೆ ಉಟ್ಟು, ಸ್ಕ್ರೂಡ್ರೈವರ್ ಚೀಲ ಹಿಡಿದು ನಾನು ಗಂಡಿನ ಮನೆ ನೋಡೋಕೆ ಹೊರಟೆ. ಶಿರಾಳಕೊಪ್ಪ ದಾಟುವ ತನಕ ನನ್ನ ಎದೆ ಬಸ್ಸಿಗಿಂತ ಜೋರಾಗಿ ಕುಲುಕುತ್ತಿತ್ತು.

ಪರಮಶಿವಪ್ಪನವರ ತಾಯಿ ಲೋಕಮ್ಮನವರು ನನ್ನ ಗಲ್ಲ ಸವರಿ, ಪಕ್ಕದಲ್ಲೇ ಕೂರಿಸಿಕೊಂಡರು. ಉಪ್ಪಿಟ್ಟು, ಕಾಫಿ ಆಯಿತು. ಬಿಲ್ಲಿಯನ್ನು ಕೇಳಿಸು ಅಂತ ಪುಟ್ಟಪ್ಪನವರು ಅಂದರು. ಪರಮಶಿವಪ್ಪ ಪಂಚೆಯ ತುದಿಯಿಂದ ಪ್ಲೇಟು ಒರೆಸಿ, ಕೀಲಿ ಕೊಟ್ಟು, ಮುಳ್ಳು ಇಳಿಸಿದರು. ಇಳಿಸಿ ನನ್ನ ಕಡೆ ನೋಡಿದರು. ನಾಲ್ಕು ತಿಂಗಳು ಬಾಯಲ್ಲಿ ಹೇಳಿದ್ದನ್ನು ಇವತ್ತು ಕೈಗೆ ಕೊಡುತ್ತಿದ್ದೇನೆ ಅನ್ನುವ ನೋಟ.

ದಪ್ಪ ದನಿಯ ಒಬ್ಬ ಗಂಡಸು ನಿಧಾನವಾಗಿ, ಎಲ್ಲ ಕಳಕೊಂಡವನ ಹಾಗೆ ಹಾಡಿದ. ಚೆನ್ನಾಗಿಯೇ ಇತ್ತು. ಆದರೆ ಅಭ್ಯಾಸ ಬಿಡಬೇಕಲ್ಲ, ಕಣ್ಣು ಪ್ಲೇಟಿನ ನಡುವಿನ ಲೇಬಲ್ಲಿಗೆ ಅಂಟಿಕೊಂಡು, ಸೆರಗಿನ ಅಡಿ ಬೆರಳು ಎಣಿಸತೊಡಗಿತು. ಗೋಡೆ ಗಡಿಯಾರದಲ್ಲಿ ಒಂದು ನಿಮಿಷ. ಅರವತ್ತೊಂದು. ತೆವಳುತ್ತೆ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ಹದಿನೇಳು ಸುತ್ತು ಕಮ್ಮಿ ಇದ್ದರೆ ದನಿ ಎಷ್ಟು ಕೆಳಗಿಳಿಯುತ್ತೆ ಅಂತ ಲೆಕ್ಕ ಹಾಕಿದೆ. ಇದು ಅಣ್ಣ ಅಲ್ಲ.

ಅಪ್ಪನ ಕಡೆ ನೋಡಿದೆ. ಅಪ್ಪನೂ ಎಣಿಸಿದ್ದರು. ನನ್ನ ಮುಖ ನೋಡಿ, ಆಮೇಲೆ ಸುಮ್ಮನೆ ಸೂರು ನೋಡತೊಡಗಿದರು.

ಕಟಕಟ ನೋಡಮ್ಮ ಅಂದರು ಪುಟ್ಟಪ್ಪ. ಮಷೀನಿನ ಹೊಟ್ಟೆ ಬಿಚ್ಚಿದೆ. ಕಟಕಟ ಅಂತಿದ್ದದ್ದು ಸಡಿಲಾದ ಒಂದು ಹಲ್ಲಿನ ಚಕ್ರ, ಎರಡು ನಿಮಿಷದ ಕೆಲಸ. ವೇಗ ಹಿಡಿಯುವ ಮೂರು ಗುಂಡಿನ ಸುತ್ತ ಗ್ರೀಸು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಪಕ್ಕದಲ್ಲೇ ವೇಗದ ಸ್ಕ್ರೂ. ಕಟಕಟ ನಿಲ್ಲಿಸಿ, ಸ್ಕ್ರೂ ಮುಟ್ಟದೆ ಮುಚ್ಚಿಬಿಟ್ಟರೆ ಬರುವ ಮಾಘಕ್ಕೆ ನಾನು ಈ ಮನೆ ಸೊಸೆ. ಅವ್ವನ ಕಣ್ಣು ನನ್ನ ಬೆನ್ನು ಸುಡುತ್ತಿತ್ತು. ಆದರೆ ಜೀವನವೆಲ್ಲ ಇವರ ಪಕ್ಕ ಕೂತು, ಇವರು ಕಣ್ಣೊರೆಸಿಕೊಳ್ಳುವಾಗ ನಾನು ಒಳಗೊಳಗೇ ಅರವತ್ತೊಂದು ಅಂತ ಎಣಿಸುತ್ತಾ ಇರಬೇಕಾ? ನನ್ನಿಂದ ಆಗಲ್ಲ. ಪಾಕ ಕೆರೆದು, ಎಣ್ಣೆ ಬಿಟ್ಟು, ಸ್ಕ್ರೂ ತಿರುಗಿಸಿದೆ. ಚೀಟಿ ಸಿಕ್ಕಿಸಿ ಎಣಿಸಿದೆ. ಎಪ್ಪತ್ತೆಂಟು. ಅದೇ ಪ್ಲೇಟಿಗೆ ಮುಳ್ಳು ಇಳಿಸಿದೆ.

ಒಬ್ಬ ಹೆಂಗಸು ಹಾಡಿದಳು.

ಲೋಕಮ್ಮನವರು, ಇದ್ಯಾರು ಈ ಹುಡುಗಿ, ಅವನೆಲ್ಲಿ ಹೋದ ಅಂದರು. ಪರಮಶಿವಪ್ಪ ಪ್ಲೇಟು ಮುಗಿಯುವ ತನಕ ಅಲುಗಲಿಲ್ಲ. ಮುಗಿದ ಮೇಲೆ ನನ್ನನ್ನೇ ನೋಡಿ ಕೇಳಿದರು.

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಮಷೀನು ನಿಧಾನ ಅಂತ ಗೊತ್ತಿತ್ತು. ಮೊದಲ್ನೇ ದಿನಾನೇ."

ಅವರು ಮುಳ್ಳು ಎತ್ತಿದರು, ಪ್ಲೇಟನ್ನು ಅದರ ಕಾಗದದ ಚೀಲಕ್ಕೆ ಹಾಕಿದರು, ಅಂಗಳ ದಾಟಿ ಹೊರಗೆ ಹೋದರು. ನಾವು ಹೊರಡುವ ತನಕ ವಾಪಸ್ಸು ಬರಲಿಲ್ಲ.

ಬಸ್ಸಿನಲ್ಲಿ ಅವ್ವ ಶಿರಾಳಕೊಪ್ಪದ ತನಕ ಮಾತಾಡಲಿಲ್ಲ. ಅಲ್ಲಿಂದ ಶಿಕಾರಿಪುರದ ತನಕ ನಿಲ್ಲಿಸಲಿಲ್ಲ. ಅಪ್ಪ ಇಳಿಯುವಾಗ ಒಂದೇ ಮಾತು ಆಡಿದರು. "ಎಣಿಸಿದ್ದು ಸರಿ ಐತಿ, ಮಗಾ. ಹೇಳಿದ್ದು ತಡ ಆತು."

ಮೂರು ಭಾನುವಾರ ಕಳೆಯಿತು. ಸೊರಬದ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ನಾನು ಅತ್ತೆ, ಸುಮ್ಮನಾದೆ, ಮತ್ತೆ ಅತ್ತೆ. ಅವರ ಮನೆಯಿಂದ ಬೇಡ ಅಂತಲೂ ಇಲ್ಲ, ಬೇಕು ಅಂತಲೂ ಇಲ್ಲ. ಒಂದು ಸ್ಪ್ರಿಂಗ್ ಕೂರಿಸುವಾಗ ಕೈ ತಪ್ಪಿ ಬೆರಳು ಕೊಯ್ದುಕೊಂಡೆ. ಹಾಗೆ ಆದದ್ದು ಅದೇ ಮೊದಲು.

ನಾಲ್ಕನೇ ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಗಲಾಟೆ. ಬಸ್ಸಿನ ಕಂಡಕ್ಟರು ಒಂದು ಟ್ರಂಕಿನ ಒಂದು ತುದಿ ಹಿಡಿದು ಗೊಣಗುತ್ತಿದ್ದ. ಇನ್ನೊಂದು ತುದಿ ಹಿಡಿದವರು ಪರಮಶಿವಪ್ಪ. ಗಡ್ಡ ಬಂದಿತ್ತು, ಕಣ್ಣು ಕೆಂಪಗಿತ್ತು, ಮುಖ ಮಾತ್ರ ಜ್ವರ ಬಿಟ್ಟವರ ಹಾಗೆ ಹೊಳೆಯುತ್ತಿತ್ತು. ಟ್ರಂಕು ತೆಗೆದರೆ ಒಳಗೆ ಬತ್ತದ ಹುಲ್ಲು, ಹುಲ್ಲಿನ ನಡುವೆ ಮೂವತ್ತೊಂದು ಪ್ಲೇಟು. ಅಪ್ಪ ವೈರು ಸುತ್ತುತ್ತಿದ್ದವರು ಹಾಗೇ ಕೂತರು. ಅವ್ವ ಒಳಬಾಗಿಲಿಗೆ ಬಂದು ನಿಂತಳು.

ಮಷೀನು ಕೊಡ್ರಿ ಅಂದರು. ಕೊಟ್ಟೆ. ಆರ್ಮ್‌ಸ್ಟ್ರಾಂಗ್‌ನನ್ನು ಹಾಕಿದರು.

ಅಯ್ಯೋ, ಅದನ್ನು ಹೇಗೆ ಹೇಳಲಿ. ತುತ್ತೂರಿ ಒಂದೇ ಸಲಕ್ಕೆ ಅಂಗಡಿಯಿಂದ ಬೀದಿಗೆ ಹಾರಿತು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ತಲೆ ಎತ್ತಿದ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ, ತಾನೇ ತಾಳ ಹಾಕಿತು.

"ಮಣ್ಣು ಮಾಡಿ ಬಂದವನು ಅಂದಿದ್ನಲ್ಲ, ಸುಳ್ಳು ಮಾರಾಯ್ರೇ. ಇವನು ದಿಬ್ಬಣದ ಮುಂದೆ ಕುಣಿಯೋನು. ದುಃಖ ಇದೆ, ಇಲ್ಲ ಅಲ್ಲ, ಅದನ್ನ ಹೆಗಲ ಮೇಲೆ ಕೂರಿಸ್ಕೊಂಡು ಕುಣೀತಾನೆ" ಅಂದರು.

ಆಮೇಲೆ ಹಿಡಿಯೋರು ಯಾರು. ಒಂದು ಪ್ಲೇಟು ಮುಗಿಯುವ ಮೊದಲೇ ಇನ್ನೊಂದು ಕೈಗೆ ಬರುತ್ತಿತ್ತು. ಎಲಿಂಗ್ಟನ್ನನದು ಎಮ್ಮೆ ಹಿಂಡಲ್ಲವಂತೆ, ಸಂತೆಯಂತೆ, ಎಲ್ಲರೂ ಒಟ್ಟಿಗೆ ಮಾತಾಡಿದರೂ ಒಬ್ಬೊಬ್ಬರ ದನಿಯೂ ಬೇರೆ ಕೇಳುತ್ತದಂತೆ. ಗುಡ್‌ಮನ್ ಹಾಕಿ ತೂಕಡಿಸುವವನು ಮನುಷ್ಯನೇ ಅಲ್ಲವಂತೆ. ಬೇಸಿ ಮಾತ್ರ ಜಿಪುಣನೇ, ಯಾವ ವೇಗದಲ್ಲಿಟ್ಟರೂ ಜಿಪುಣನೇ, ಅದೊಂದು ತೀರ್ಪು ಉಳಿಯಿತು ಅಂತ ಚಿಕ್ಕ ಮಕ್ಕಳ ಹಾಗೆ ಖುಷಿಪಟ್ಟರು. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರು ಬರುತ್ತಿತ್ತು, ಎರಡೂ ಒಟ್ಟಿಗೆ.

ಕೊನೆಗೆ ಬಿಲ್ಲಿಯ ಪ್ಲೇಟು ಕೈಗೆತ್ತಿಕೊಂಡರು. ಹಾಕಲಿಲ್ಲ. ಒಂದು ವಾರ ಅದನ್ನು ಮುಟ್ಟಲಿಲ್ಲವಂತೆ. ಅಣ್ಣ ಸತ್ತ ಹಾಗಾಗಿತ್ತಂತೆ. ನನ್ನ ಮೇಲೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದಂತೆ, ನಾಲ್ಕು ತಿಂಗಳು ಇವಳು ಒಳಗೇ ನಗುತ್ತಿದ್ದಳು ಅಂತ.

"ನಕ್ಕಿದ್ದು ಮೊದಲ್ನೇ ದಿನ ಒಂದೇ. ಆಮೇಲೆ ಹೇಳಿದ್ರೆ ನೀವು ಬರೋದು ಬಿಡ್ತೀರಿ ಅಂತ ಹೆದರಿದೆ. ತಪ್ಪು ನಂದೇ" ಅಂದೆ.

ಅವರು ತಲೆ ಆಡಿಸಿದರು. ಎರಡನೇ ವಾರ ಬಿಲ್ಲಿಯನ್ನು ಹಾಕಿದರಂತೆ. ಹೆಂಗಸು ಹಾಡಿದಳು. ಅಳು ಬಂತು, ಮೊದಲಿನಷ್ಟೇ ಬಂತು. ಗಂಡಸು ಹೇಳಿದ ಅಂತ ಅಳಲಿಲ್ಲ ನಾನು, ಅಳು ನಂದೇ ಇತ್ತು ಅಂತ ಆಗ ತಿಳಿಯಿತಂತೆ. ಆಮೇಲೆ ಅಂಗಿ ಜೇಬಿನಿಂದ ಒಂದು ನೋಟ್ ಪುಸ್ತಕ, ಪೆನ್ಸಿಲ್ ತೆಗೆದರು.

"ಇಷ್ಟು ದಿನ ನಾನೇ ಮಾತಾಡಿದೆ. ನಿಮಗೆ ಏನನ್ನಿಸ್ತು ಅಂತ ಒಂದು ಸಲಾನೂ ಕೇಳ್ಲಿಲ್ಲ. ಕೇಳಿದ್ದಿದ್ರೆ ನೀವು ಮೊದ್ಲೇ ಹೇಳ್ತಿದ್ರೋ ಏನೋ. ಈಗ ಇದನ್ನ ಕೇಳಿ ಹೇಳ್ರಿ. ಬರ್ಕೊಂತೀನಿ."

ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಾಯಿ ಮುಚ್ಚು ಅಂದವರೇ. ನೀನು ಮಾತಾಡು, ನಾನು ಬರೆದುಕೊಳ್ಳುತ್ತೇನೆ ಅಂದವರು ಇವರೊಬ್ಬರೇ. ನಾನೇ ಕೀಲಿ ಕೊಟ್ಟು ಮುಳ್ಳು ಇಳಿಸಿದೆ. ಮೂರು ನಿಮಿಷದ ಹಾಡು ಪೂರ್ತಿ ಕೇಳಿದೆ.

"ಆಕೆ ಅಳ್ತಿಲ್ಲ ನೋಡ್ರಿ. ಅತ್ತು ಮುಗಿಸಿ, ಮುಖ ತೊಳ್ಕೊಂಡು, ಬಾಗಿಲು ತೆಗೆದು ನಿಂತು ಹೇಳ್ತಿದಾಳ. ಅದಕ್ಕೇ ಕೇಳಿದೋರಿಗೆ ಅಳು ಬರ್ತೈತಿ" ಅಂದೆ.

ಅವರು ಅಕ್ಷರ ಬಿಡದೆ ಬರೆದುಕೊಂಡರು. ಬರೆದು, ಒಂದು ಸಲ ಓದಿಕೊಂಡು, ಹೌದು ಅಂದರು. ಬಾಗಿಲಲ್ಲಿ ಅವ್ವ ಕಣ್ಸನ್ನೆ ಮಾಡುತ್ತಿದ್ದಳು, ಸಾಕು, ಇನ್ನು ಸುಮ್ಮನಿರು ಅಂತ. ನಾನು ಅಪ್ಪನ ಕಡೆ ತಿರುಗಿದೆ.

"ಅಪ್ಪಾ, ನನಗೆ ಇವರು ಬೇಕು."

ಐವತ್ತೆಂಟರ ಶಿಕಾರಿಪುರದಲ್ಲಿ ಹುಡುಗಿಯೊಬ್ಬಳು ಪೇಟೆ ಬೀದಿಗೆ ಕೇಳುವ ಹಾಗೆ ಈ ಮಾತು ಆಡಿದ್ದು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಕೈಯ ವೈರು ಕೆಳಗಿಟ್ಟು, ನೀವೇನಂತೀರಿ ಅಂತ ಪರಮಶಿವಪ್ಪನವರನ್ನು ಕೇಳಿದರು.

ಅವರು ಬಾಯಿ ತೆಗೆದರು. ಪ್ರಪಂಚದ ಎಲ್ಲ ವಾದಕರ ಮೇಲೂ ತೀರ್ಪು ಇದ್ದ ಮನುಷ್ಯನಿಗೆ ಮಾತು ಹೊರಡಲಿಲ್ಲ. ಕಣ್ಣಿಂದ ನೀರು ಇಳಿಯಿತು. ನಮ್ಮಪ್ಪನ ಎದುರಿಗೆ, ನಮ್ಮವ್ವನ ಎದುರಿಗೆ, ಬೀದಿಯಿಂದ ಬಗ್ಗಿ ನೋಡುತ್ತಿದ್ದ ದರ್ಜಿಯ ಎದುರಿಗೆ, ಹಾಡುಹಗಲಲ್ಲಿ ನಿಂತುಕೊಂಡು ಅತ್ತರು. ಮುಖ ತಿರುಗಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ನನ್ನನ್ನೇ ನೋಡುತ್ತಾ ಹೌದು ಹೌದು ಅಂತ ತಲೆ ಆಡಿಸಿದರು.